ಅಣ್ಣನ ಪಾಲಿನ ಕಪ್ಪೆಗಳು

ನನಗೆ ಕಥೆ ಬೇಕು, ಕೂಲಿ ಬೇಡ. ಜಪಾನಿನವರು ಮೊಬೈಲಿಗೆ ಮಾಡುವ ಕಥೆಯ ಆಟಗಳೆಂದರೆ ನನಗೆ ಜೀವ. ಆದರೆ ಆ ಪುಣ್ಯಾತ್ಮರು ಕಥೆಯನ್ನು ಸುಮ್ಮನೆ ಕೊಡುವವರಲ್ಲ. ನೀರಿನಲ್ಲಿ ಮುಳುಗಿದ ಊರಿನಲ್ಲಿ ರಾಜಕುಮಾರ ತಾಯಿಯನ್ನು ಹುಡುಕುತ್ತಿರುತ್ತಾನೆ, ಇನ್ನೇನು ಬಾಗಿಲು ತೆರೆಯಬೇಕು, ಅಲ್ಲೊಬ್ಬ ರಾಕ್ಷಸ. ಅವನನ್ನು ಸೋಲಿಸಲು ರಾಜಕುಮಾರನ ಲೆವೆಲ್ ಸಾಲದು. ಲೆವೆಲ್ ಏರಬೇಕೆಂದರೆ ಹಿಂದಿನ ಕೆರೆಗೆ ಹೋಗಿ ಅದೇ ಹಸಿರು ಕಪ್ಪೆಗಳನ್ನು ನೂರು ಸಲ, ಇನ್ನೂರು ಸಲ ಬಡಿಯಬೇಕು. ಹತ್ತು ಕಪ್ಪೆ ಆಗುವಷ್ಟರಲ್ಲೇ ನನ್ನ ತಲೆ ಕೆಟ್ಟು ಹೋಗುತ್ತಿತ್ತು.

ಆ ಕೆಲಸ ನಮ್ಮ ಅಣ್ಣ ಸೋಮೇಶ್ವರನ ಪಾಲಿಗೆ ಬಂತು.

ಅಣ್ಣನ ಎರಡೂ ಕಿಡ್ನಿ ಹೋಗಿ ಎರಡು ವರ್ಷವಾಗಿತ್ತು. ಸೋಮವಾರಕ್ಕೊಮ್ಮೆ, ಗುರುವಾರಕ್ಕೊಮ್ಮೆ ಮಹಾರಾಷ್ಟ್ರದ ಗಡಿಯ ನಮ್ಮೂರು ಕಾಸಾರಶಿರಸಿಯಿಂದ ನಿಲಂಗಾ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಉದಗೀರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಅಲ್ಲಿ ನಾಲ್ಕು ತಾಸು ಮಷೀನಿನ ಪಕ್ಕ ಅಲ್ಲಾಡದೆ ಮಲಗಬೇಕು. ತಪ್ಪಿಸಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಖದ ಮೇಲೇ ಹೇಳಿದ್ದರು. ಆದರೂ ಅವನನ್ನು ಹೊರಡಿಸುವುದೆಂದರೆ ಮನೆಯಲ್ಲಿ ವಾರಕ್ಕೆರಡು ಯುದ್ಧ. ಜಂಗಮನಾದ ಅಪ್ಪನ ಜೊತೆ ಭಕ್ತರ ಮನೆಮನೆಗೆ ಪೂಜೆಗೆ ತಿರುಗುತ್ತಿದ್ದ ಮನುಷ್ಯ, ಒಂದು ಕಡೆ ಕೂತವನೇ ಅಲ್ಲ.

"ಸೂಜಿದು ಏನಿಲ್ಲವ್ವಾ. ನಾಕ್ ತಾಸ ಆ ಗ್ವಾಡಿ ನೋಡ್ಕೋತ ಬೀಳೂದದ ಅಲಾ, ಅದು ನನ್ನ ಕೈಲೆ ಆಗಲ್ದು," ಎಂದು ಅವ್ವನ ಮುಂದೆ ಚಿಕ್ಕ ಹುಡುಗನಂತೆ ಅಳುತ್ತಿದ್ದ.

ಒಂದು ಸೋಮವಾರ ನಾನು ಅವನ ಕೈಗೆ ನನ್ನ ಹಳೆಯ ಫೋನು ಕೊಟ್ಟೆ. ಕನಿಕರದಿಂದ ಕೊಟ್ಟೆ ಎಂದರೆ ಸುಳ್ಳಾದೀತು. "ಹ್ಯಾಂಗೂ ಖಾಲಿ ಬಿದ್ದಿರ್ತಿ. ಒಂದ್ ಕೈಲೆ ಈ ಬಟನ್ ಒತ್ತಕೋತ ಕಪ್ಪಿ ಬಡಿ," ಎಂದೆ.

ಸಂಜೆ ಚಪ್ಪಲಿ ಬಿಡುವ ಮೊದಲೇ ಅಣ್ಣ ಕೂಗಿದ. "ಪೂನಮ್, ಲೆವೆಲ್ ಹನ್ನೆರಡಿತ್ತು, ಹದಿನೇಳು ಮಾಡೀನಿ ನೋಡು!"

ಅಂದಿನಿಂದ ಯುದ್ಧ ನಿಂತಿತು. ಗುರುವಾರ ಬಂದರೆ ತಾನೇ ಎದ್ದು ಫೋನು ಚಾರ್ಜಿಗೆ ಹಾಕುತ್ತಿದ್ದ. ಆಟದ ಮಾತೆಲ್ಲ ಇಂಗ್ಲಿಷು, ಅವನು ಓದಿದ್ದು ಮರಾಠಿ ಶಾಲೆಯಲ್ಲಿ. ಅಂಕಿಯೊಂದು ಬಿಟ್ಟರೆ ಏನೂ ತಿಳಿಯದು. ಅದಕ್ಕೆ ಕಪ್ಪೆ ಅವನು ಬಡಿಯುವುದು, ಕಥೆ ನಾನು ಆಡುವುದು, ಆಡಿದ್ದನ್ನು ಊಟದ ಹೊತ್ತಿಗೆ ಅವನಿಗೆ ಹೇಳುವುದು ಎಂದು ಕರಾರಾಯಿತು.

ಊರಿನ ಗುರುಲಿಂಗಪ್ಪ ಸಾವಕಾರರ ಪರವಾಗಿ ದಕ್ಷಿಣೆಗೆ ಲಕ್ಷ ಜಪಕ್ಕೆ ಕೂರುವ ನಮ್ಮಪ್ಪ ರೇವಯ್ಯ ಇದನ್ನು ನೋಡಿ ನಗುತ್ತಿದ್ದ. "ಇದೂ ನಮ್ಮ ದಂಧೇನೇ ಆತಲ್ಲೋ ಸೋಮ್ಯಾ. ಮಣಿ ಎಣಸೂದು ನಾವು, ಫಲ ಅವರಿಗಿ."

"ಹೌದಪ್ಪಾ. ಆದ್ರ ಈ ಭಕ್ತಳು ಕಾಲಿಗಿ ಸುದ್ದಾ ಬೀಳಲ್ಲ ನೋಡು," ಎನ್ನುತ್ತಿದ್ದ ಅಣ್ಣ. ಎಷ್ಟೋ ತಿಂಗಳ ಮೇಲೆ ಅವನ ಬಾಯಲ್ಲಿ ತಮಾಷೆ ಬಂದಿತ್ತು.

ಮಳೆಗಾಲದಲ್ಲಿ ಆಟಕ್ಕೆ ಹೊಸ ಸವಲತ್ತು ಬಂತು. ಸೆಟ್ಟಿಂಗ್‌ನಲ್ಲಿ ಒಂದು ಗುಂಡಿ ಒತ್ತಿದರೆ ಒಂದು ಕಪ್ಪೆಗೆ ಹತ್ತು ಕಪ್ಪೆಯ ಫಲ. ನನಗೆ ಹಬ್ಬವೇ ಆಯಿತು. ಅಣ್ಣನ ಹತ್ತಿರ ಓಡಿ ಹೋಗಿ, ದೊಡ್ಡ ಉಪಕಾರ ಮಾಡುವವಳ ಹಾಗೆ ಹೇಳಿದೆ. "ಇನ್ನ ನೀ ಬಡಿಯೂದು ಬ್ಯಾಡ ಅಣ್ಣಾ. ಆರಾಮ ಮಲಕೋ."

"ಹೌದಾ? ಛಲೋ ಆತು," ಎಂದ. ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಹೊರಗೆ ಹೋದ. ಅವನ ಮುಖವನ್ನು ನಾನು ನೋಡಲೇ ಇಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಉರಿಯುತ್ತದೆ.

ಐದು ದಿನದಲ್ಲಿ ಆಟ ಮುಗಿಸಿದೆ. ಕೊನೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ, ಮುಖ ತೊಳೆದುಕೊಂಡೆ, ಟ್ಯೂಶನ್ ಹೇಳಲು ಹೋದೆ. ಅಣ್ಣನಿಗೆ ಕಥೆ ಹೇಳಬೇಕೆಂಬುದು ನೆನಪಾಗಲಿಲ್ಲ. ಅವನೂ ಕೇಳಲಿಲ್ಲ.

ಅದಾದ ಮೇಲಿನ ವಾರ ಒಂದು ಮಧ್ಯಾಹ್ನ ಆಸ್ಪತ್ರೆಯ ಸಿಸ್ಟರ್ ಫೋನು ಮಾಡಿ, ಪೇಶಂಟು ಯಾಕೆ ಬರುತ್ತಿಲ್ಲ ಎಂದು ಮರಾಠಿಯಲ್ಲಿ ಅಪ್ಪನನ್ನು ದಬಾಯಿಸಿದರು. ನಮಗೆ ದಿಕ್ಕು ತೋಚಲಿಲ್ಲ. ಅಣ್ಣ ತಪ್ಪದೆ ಚೀಲ ಹಿಡಿದು ಬಸ್ಸು ಹತ್ತಿದ್ದನ್ನು ನಾವೇ ಕಂಡಿದ್ದೆವು. ಆಮೇಲೆ ತಿಳಿಯಿತು, ಅವನು ನಿಲಂಗಾದಲ್ಲಿ ಇಳಿದು, ಸಂಜೆಯ ತನಕ ಬಸ್ ಸ್ಟ್ಯಾಂಡಿನಲ್ಲಿ ಕೂತು ತಿರುಗಿ ಬರುತ್ತಿದ್ದ. ಒಂದಲ್ಲ, ಮೂರು ಸಲ. ಅಣ್ಣ ಮಲಗಿದ್ದ ಒಳಕೋಣೆಗೆ ಹೋಗಿ ನೋಡಿದರೆ ಅವನ ಕಾಲುಗಳು ಕಂಬದ ಹಾಗೆ ಬಾತಿದ್ದವು, ಉಸಿರಾಡಲು ಒದ್ದಾಡುತ್ತಿದ್ದ. ಜೀಪು ಮಾಡಿಕೊಂಡು ಉದಗೀರಕ್ಕೆ ಓಡಿದೆವು.

ಆ ಸಲ ಉಳಿದ. ಇನ್ನೊಮ್ಮೆ ತಪ್ಪಿಸಿದರೆ ತಮ್ಮ ಕೈಯಲ್ಲಿಲ್ಲ ಎಂದರು ಡಾಕ್ಟರು. ಮುಂದಿನ ಸೋಮವಾರ ನಾನೇ ಜೊತೆಗೆ ಹೋದೆ. ಬಸ್ಸಿನಲ್ಲಿ ಆ ಹಾಳು ಸವಲತ್ತನ್ನು ಬಂದ್ ಮಾಡಿದೆ. ಅಣ್ಣನ ಎಡಗೈಗೆ ಸೂಜಿ ಚುಚ್ಚಿ ಮಷೀನು ಶುರುವಾದ ಕೂಡಲೇ ಬಲಗೈಗೆ ಫೋನು ಕೊಟ್ಟೆ.

"ಅಣ್ಣಾ, ಕಡೀ ರಾಕ್ಷಸ ಸೋಲವಲ್ಲ. ನೀ ಒಂದಿಷ್ಟು ಲೆವೆಲ್ ಏರಸಿ ಕೊಡು. ನೀ ಇಲ್ದ ಆಗಲ್ದು."

ಅಣ್ಣ ತುಸು ಮೇಲಕ್ಕೆ ಸರಿದು ಕೂತ. ಹೆಬ್ಬೆರಳು ತಾನಾಗಿಯೇ ಕೆರೆಯ ದಾರಿ ಹಿಡಿಯಿತು. ಒಂದು ಏಟಿಗೆ ಎಲ್ಲ ಕಪ್ಪೆಗಳೂ ಸತ್ತು ಬಿದ್ದವು. ಅವನು ಪರದೆಯ ಮೂಲೆಯ ಲೆವೆಲ್ಲಿನ ಅಂಕಿ ನೋಡಿದ. ಅವನು ಬಿಟ್ಟಾಗ ಅದು ನಲವತ್ಮೂರಿತ್ತು. ಸುಳ್ಳು ಹೊಂದಿಸುವ ಗಡಿಬಿಡಿಯಲ್ಲಿ ನಾನು ಅದನ್ನೇ ಮರೆತಿದ್ದೆ.

"ತೊಂಬತ್ತೊಂದು," ಎಂದು ಮೆಲ್ಲಗೆ ಓದಿದ. "ಮುಗಿಸೀದಿ ಅಲಾ?"

"ಹ್ಞೂಂ."

"ನಾ ಇಲ್ದನೂ ಆಗ್ತದ ಅಂದಂಗಾತು."

ಅವನು ಫೋನನ್ನು ನನ್ನ ಮಡಿಲಲ್ಲಿಟ್ಟ. "ಇರ್ಲಿ. ಕಥಿನಾದ್ರೂ ಹೇಳು. ಅಂವಗ ಅವನ ಅವ್ವ ಸಿಕ್ಕಳೇನು?"

ಹೇಳಿದೆ. ಆದಷ್ಟು ಎಳೆದು ಎಳೆದು ಹೇಳಿದೆ. ಮುಳುಗಿದ ಊರಿನ ಓಣಿಗಳನ್ನು ಒಂದೊಂದಾಗಿ ಹೇಳಿದೆ, ಮೀನುಗಳ ಬಣ್ಣ ಹೇಳಿದೆ, ತಾಯಿ ಮಗನನ್ನು ಗುರುತಿಸದೆ ಹೆಸರು ಕೇಳಿದ್ದನ್ನು ಎರಡು ಸಲ ಹೇಳಿದೆ. ಕಪ್ಪೆಗಳಿಲ್ಲದ ಕಥೆಯನ್ನು ಎಷ್ಟು ಹೊತ್ತು ಹೇಳಲಾದೀತು?

"ಛಲೋ ಅದ," ಎಂದು ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಮಷೀನಿನ ಗಡಿಯಾರದಲ್ಲಿ ಇನ್ನೂ ಮೂರು ತಾಸು ಇಪ್ಪತ್ತು ನಿಮಿಷ ಉಳಿದಿತ್ತು.