ಕಂಬಿಗೆ ಕಟ್ಟಿದ ಕಾಯಿ

ಸಂಕ್ರಾಂತಿ ಕಳೆದ ವಾರ, ಮಾಸ್ತಿಕಟ್ಟೆಯ ಹತ್ತಿರದ ಅಕೇಶಿಯಾ ನೆಡುತೋಪಿನಲ್ಲಿ, ಕೊಂಬೆ ಪುಡಿ ಮಾಡುವ ಚಿಪ್ಪರ್ ಯಂತ್ರ ಗಿರಿಯಪ್ಪನ ಬಲಗೈಯನ್ನು ಮೊಣಕೈವರೆಗೆ ಎಳೆದುಕೊಂಡಿತು. ಆ ಯಂತ್ರದ ಮುಂದೆ ಹೇಗೆ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ಹೋದ ಮೇಲೆ, ಅವನಿಗೆ ಕೆಲಸ ಬರುತ್ತಿತ್ತೋ ಇಲ್ಲವೋ ಎಂದು ಪರೀಕ್ಷೆ ಮಾಡಿಸಲು ಗುತ್ತಿಗೆದಾರ ಪೂರ್ಣೇಶ್ ಸಾಗರದಿಂದ ಒಬ್ಬ ಪರೀಕ್ಷಕಿಯನ್ನು ಕರೆಸಿದ.

ಪರೀಕ್ಷಕಿಯ ಹೆಸರು ಸೌಜನ್ಯಾ. ತೀರ್ಥಹಳ್ಳಿ ಕಡೆಯ ಗೌಡರ ಮನೆಯ ಹುಡುಗಿ. ಡಿಪ್ಲೊಮಾ ಮುಗಿಸಿ ಸಾಗರದ ಒಂದು ಖಾಸಗಿ ಕೌಶಲ ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಯಾರಿಗೆ ಯಾವ ಕೆಲಸ ಬರುತ್ತದೆ ಎಂದು ನೋಡಿ, ಬರುತ್ತದೆ ಎಂದು ಬರೆಯುವುದು ಅವಳ ಕೆಲಸ. ಬರುವುದಿಲ್ಲ ಎಂದು ಬರೆಯಬಾರದೆಂದು ಅಲ್ಲಿ ಯಾರೂ ಹೇಳಿರಲಿಲ್ಲ. ಹಾಗೆ ಬರೆದವರು ಸಂಸ್ಥೆಯಲ್ಲಿ ಉಳಿದಿರಲಿಲ್ಲ, ಅಷ್ಟೇ. ಹೊಲಿಗೆಯವರು, ಬ್ಯೂಟಿ ಪಾರ್ಲರಿನವರು, ಮೊಬೈಲ್ ರಿಪೇರಿಯವರು ಎಲ್ಲ ಅವಳ ಕೈಕೆಳಗೆ ಪಾಸಾಗಿ ಹೋಗಿದ್ದರು. ಚಿಪ್ಪರ್ ಎಂಬುದನ್ನು ಮಾತ್ರ ಅವಳು ಕಣ್ಣಾರೆ ಕಂಡಿರಲಿಲ್ಲ. ಹೊಸನಗರದ ಬಸ್ಸಿನಲ್ಲಿ ಕೂತು ಅದರ ಕೈಪಿಡಿ ತೆರೆದವಳು ಬಟ್ಟೆಮಲ್ಲಪ್ಪ ದಾಟುವಷ್ಟರಲ್ಲಿ ಓದಿ ಮುಗಿಸಿದ್ದಳು.

ವಿಷಯ ಕಷ್ಟದ್ದೇನಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಲ್ಲಿ ಬೇಕೆಂದರಲ್ಲಿಗೆ ಎಳೆದೊಯ್ಯುವ ಯಂತ್ರ. ಅದಕ್ಕೊಂದು ಅಗಲ ಬಾಯಿ. ಬಾಯಿಗೆ ಕೊಂಬೆ ಕೊಟ್ಟರೆ ಎರಡು ಉರುಳೆಗಳು ಅದನ್ನು ಕಚ್ಚಿ ಒಳಗೆಳೆಯುತ್ತವೆ, ಒಳಗಿನ ಬ್ಲೇಡು ಚೂರು ಮಾಡಿ ಮೇಲಿನ ಕೊಳವೆಯಿಂದ ಟಿಪ್ಪರಿಗೆ ಉಗುಳುತ್ತದೆ. ಬಾಯಿಯ ಅಂಚಿನಲ್ಲಿ ಒಂದು ಕೆಂಪು ಕಂಬಿ. ಕೊಂಬೆಯ ಜೊತೆ ಮನುಷ್ಯನೂ ಒಳಗೆ ಹೊರಟರೆ ಅವನು ಕೈಯಿಂದಲೋ ಎದೆಯಿಂದಲೋ ತೊಡೆಯಿಂದಲೋ ಆ ಕಂಬಿಯನ್ನು ತಳ್ಳಬೇಕು. ತಳ್ಳಿದರೆ ಉರುಳೆ ನಿಲ್ಲುತ್ತದೆ. ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿದ್ದದ್ದು ಇದೊಂದೇ.

ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಪೂರ್ಣೇಶ್ ಜೀಪು ತಂದು ಕಾಯುತ್ತಿದ್ದ. ದಾರಿಯಲ್ಲಿ ಸಿಗುವ ನಗರ ಪೇಟೆ ದಾಟುವುದರೊಳಗೆ ಅವಳ ಊರು, ಮನೆ, ದೊಡ್ಡಪ್ಪನ ಭಾವನ ಹೆಸರು ಎಲ್ಲ ಕೇಳಿ ತಿಳಿದುಕೊಂಡ. ಭಾವ ಅವನಿಗೆ ಬೇಕಾದವರೇ ಆಗಿದ್ದರು. ಅಲ್ಲಿಂದ ಮುಂದೆ ಮೇಡಂ ಹೋಗಿ ಸೌಜನ್ಯಾ ಆಯಿತು, ನೀವು ಹೋಗಿ ನೀನು ಆಯಿತು.

“ನೋಡು ಮಾರಾಯ್ತಿ, ನಿಂಗೆ ಬಿಡಿಸಿ ಹೇಳಿಬಿಡ್ತೀನಿ,” ಎಂದ. “ಕೆಲ್ಸ ಕಲೀದೇ ಇದ್ದೋನಿಗೆ ಏಟಾದ್ರೆ ತಪ್ಪು ನಂದು. ಕಲ್ತು ಪಾಸಾದೋನಿಗೆ ಏಟಾದ್ರೆ ತಪ್ಪು ಅವಂದು. ಇನ್ಶೂರೆನ್ಸಿನೋರು ಕೇಳೋದು ಅಷ್ಟೇಯ. ಅದ್ಕೆ ಗಿರಿಯಪ್ಪ ಪಾಸಾಗ್ಬೇಕು.”

“ಪರೀಕ್ಷೆ ಇವತ್ತಲ್ವಾ ಸರ್? ಏಟಾಗಿದ್ದು ಮೊದಲೇ.”

“ತಾರೀಖು ಹಿಂದಿಂದು ಹಾಕ್ತಾರೆ. ನಿಮ್ಮ ಸುಬ್ಬಕೃಷ್ಣ ಭಟ್ರ ಹತ್ರ ಮಾತಾಡಿ ಆಗಿದೆ. ವಿಡಿಯೋ ಮಾತ್ರ ಎಡಗಡೆಯಿಂದ ತೆಗಿಬೇಕಂತೆ.”

ಸೌಜನ್ಯಾ ಸಂಸ್ಥೆಯ ಮುಖ್ಯಸ್ಥರಾದ ಸುಬ್ಬಕೃಷ್ಣರಿಗೆ ಫೋನ್ ಮಾಡಿದಳು. ಸಿಗ್ನಲ್ ಒಂದು ತಿರುವಿನಲ್ಲಿ ಸಿಕ್ಕು ಇನ್ನೊಂದು ತಿರುವಿನಲ್ಲಿ ಹೋಗುತ್ತಿತ್ತು. ಸಿಕ್ಕಷ್ಟರಲ್ಲಿ ಅವರು ಹೇಳಿದ್ದು: “ಹೌದಮ್ಮಾ, ಎಡಗಡೆಯಿಂದ. ತುಂಬು ತೋಳಿನ ಅಂಗಿ ಹಾಕ್ಕೊಂಡು ಬರ್ಲಿಕ್ಕೆ ಹೇಳಿದೆ ಅವಂಗೆ. ಕೂಲಿಯವನೊಬ್ಬ ಪಾಸಾಗ್ಲಿ ಅಂತ ಇಷ್ಟು ಜನ ಒದ್ದಾಡಿದ್ದು ನಾನಂತೂ ನೋಡಿಲ್ಲೆ.”

ತೋಪಿನಲ್ಲಿ ಕೆಲಸ ನಿಲ್ಲಿಸಿ ಆಳುಗಳೆಲ್ಲ ಸಾಲಾಗಿ ನಿಂತಿದ್ದರು. ಎಲ್ಲರ ತಲೆಯ ಮೇಲೂ ಹೊಸ ಹಳದಿ ಹೆಲ್ಮೆಟ್ಟು; ಒಳಗಿನ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ವಾಪಸು ಕೊಡಬೇಕಿತ್ತು. ಗಿರಿಯಪ್ಪ ಒಬ್ಬನೇ ಸಾಲಿನಿಂದಾಚೆ ಕಡಿದ ದಿಮ್ಮಿಯ ಮೇಲೆ ಕೂತಿದ್ದ. ತುಂಬು ತೋಳಿನ ಬಿಳಿ ಅಂಗಿ, ಮಡಿಕೆಯ ಗೆರೆ ಇನ್ನೂ ಹೋಗದ್ದು. ಬಲತೋಳು ಮೊಣಕೈಯಿಂದ ಕೆಳಗೆ ಖಾಲಿ ತೂಗುತ್ತಿತ್ತು.

ಸೌಜನ್ಯಾ ಯಂತ್ರವನ್ನು ಒಂದು ಸುತ್ತು ಹಾಕಿದಳು. ಕೈಪಿಡಿಯ ಚಿತ್ರದಲ್ಲಿದ್ದದ್ದೆಲ್ಲ ಇತ್ತು. ಚಿತ್ರದಲ್ಲಿ ಇಲ್ಲದ್ದೂ ಒಂದಿತ್ತು. ಕೆಂಪು ಕಂಬಿಯ ನಟ್ಟನಡುವೆ ಕೆಂಪು ಬಟ್ಟೆಯಲ್ಲಿ ಸುತ್ತಿದ ತೆಂಗಿನಕಾಯಿ. ಅದನ್ನು ಕಂಬಿಗೂ ಬಾಯಿಯ ಚೌಕಟ್ಟಿಗೂ ಸೇರಿಸಿ ತೆಂಗಿನ ಹುರಿಯಿಂದ ಬಿಗಿದಿದ್ದರು. ಸುತ್ತ ಒಣಗಿದ ಮಾವಿನೆಲೆ, ಅರಿಶಿನದ ದಾರ, ಕುಂಕುಮ. ಕಂಬಿ ಅತ್ತಿತ್ತ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ.

“ಇದೆಂತ ಸರ್?”

“ಆಯುಧಪೂಜೆದು. ಹೊಸ ಮಿಷನ್ ಬಂದಿದ್ದೇ ಆಗ. ಕಾಯಿ ಕಟ್ಟೋಕೆ ಜಾಗ ಬೇಕಲ್ಲ, ಮುಂದ್ಗಡೆ ಇದ್ದಿದ್ದು ಅದೊಂದೇಯ. ನಾನೇ ಕೈಯಾರೆ ಕಟ್ಟಿದ್ದು.” ಪೂರ್ಣೇಶ್ ಚಪ್ಪಲಿ ಬಿಟ್ಟು ನಿಂತು ಹೇಳಿದ. “ಕಟ್ಟೋಕೆ ಮುಂಚೆ ಮಿಷನ್ ಗಳಿಗೆಗೊಂದ್ಸಲ ನಿಲ್ತಿತ್ತು. ಒಂದು ಸೊಪ್ಪು ತಾಗಿದ್ರೂ ನಿಲ್ತಿತ್ತು. ಕಟ್ಟಿದ ಮೇಲೆ ಒಂದಿನ ನಿಂತಿದ್ದಿಲ್ಲ ನೋಡು. ಆ ತಾಯಿ ದಯ.”

“ಗಿರಿಯಪ್ಪಂಗೆ ಏಟಾದಾಗ?”

“ಆಗ್ಲೂ ನಿಲ್ಲಲಿಲ್ಲ,” ಎಂದ ಪೂರ್ಣೇಶ್. ಕಾಯಿಗೆ ಕೈಮುಗಿದು, “ಪುರೋಹಿತ್ರನ್ನ ಕರ್ಸಿ ಶಾಂತಿ ಮಾಡ್ಸಿದ್ವಿ. ಮೊದಲ್ನೇ ಕಾಯಿ ಸಡಿಲ ಆಗಿತ್ತಂತೆ. ಇದು ಎರಡನೇದು, ಬಿಗಿಯಾಗಿ ಕಟ್ಟಿದೀನಿ,” ಎಂದ.

“ಬಿಚ್ಚಬಹುದಾ?”

“ಬರೋ ಆಯುಧಪೂಜೆಗೆ.”

ಮೊದಲು ಬಂದವನು ಕೆರಿಯಪ್ಪ. ಯಂತ್ರದ ಹಿಂಬದಿಯಲ್ಲಿರುವ ಕೀಲಿ ನೋಡಿಕೊಳ್ಳುವವನು. ಸೌಜನ್ಯಾ ಸ್ಟ್ಯಾಂಡಿನ ಮೇಲೆ ಟ್ಯಾಬ್ ಇಟ್ಟು ರೆಕಾರ್ಡಿಂಗ್ ಒತ್ತಿ, ತುರ್ತಿನಲ್ಲಿ ಯಂತ್ರ ನಿಲ್ಲಿಸುವ ಕಂಬಿ ತೋರಿಸಿ ಎಂದಳು. ಕೆರಿಯಪ್ಪ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಕಂಬಿ ಮುಟ್ಟಿದ, ಮುಟ್ಟಿದ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

“ಮುಟ್ಟೋದಲ್ಲ, ತಳ್ಳಬೇಕು.”

“ದೇವ್ರನ್ನ ತಳ್ಳಾದಾ ಅಮ್ಮಾ?”

“ಕಂಬೀನ.”

“ಎರಡೂ ಒಂದೇ ಕಡೆ ಕೂತಾವಲ್ರಾ. ಬೇರೆ ಮಾಡಿ ಕೊಡಿ, ತಳ್ತೀನಿ.” ಕೆರಿಯಪ್ಪ ಪೂರ್ಣೇಶನ ಕಡೆ ಒಮ್ಮೆ ನೋಡಿ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡ. “ನಾವು ದಿನಾ ಬೆಳಿಗ್ಗೆ ಇಷ್ಟೇಯ ಮಾಡಾದು. ಇವತ್ತು ಯಾರ ಕೈನೂ ತಿನ್ಬೇಡ ಅಂತ ಕೇಳ್ಕಂಡು ಶುರು ಮಾಡ್ತೀವಿ.”

ಸೌಜನ್ಯಾ ಕೈಪಿಡಿ ತೆರೆದು ನೋಡಿದಳು. ಅದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ದಿಬ್ಬ ಹತ್ತಿ ಮತ್ತೆ ಸುಬ್ಬಕೃಷ್ಣರಿಗೆ ಫೋನ್ ಮಾಡಿದಳು. “ದೇವರ ವಿಷಯ, ನಾವು ಕೈ ಹಾಕುದು ಬೇಡ. ‘ಕಂಬಿಯನ್ನು ಗುರುತಿಸುತ್ತಾನೆ’ ಅಂತ ಹಾಕಮ್ಮಾ. ಗುರುತಿಸಿದ್ದು ಹೌದಲ್ಲ?” ಎಂದರು ಅವರು.

ಗುರುತಿಸಿದ್ದು ಹೌದು. ಹಾಗೆಂದೇ ಹಾಕಿದಳು. ಉಳಿದವರೂ ಒಬ್ಬೊಬ್ಬರಾಗಿ ಬಂದು ಕಂಬಿ ಮುಟ್ಟಿ ಕಣ್ಣಿಗೊತ್ತಿಕೊಂಡು ಪಾಸಾದರು. ಒಬ್ಬ ಹೆಂಗಸು ಕಾಯಿಗೆ ಹೂವನ್ನೂ ಮುಡಿಸಿದಳು. ಅವಳ ಹೆಸರಿನ ಮುಂದೆ ಸೌಜನ್ಯಾ ಬೇರೆ ಏನನ್ನೂ ಬರೆಯಲಿಲ್ಲ, ಅವಳೂ ಗುರುತಿಸಿದ್ದಳು. ಊಟದ ಹೊತ್ತಿಗೆ ಆ ತೋಪಿನಲ್ಲಿ ಚಿಪ್ಪರ್ ನಡೆಸಲು ಬಾರದವರು ಯಾರೂ ಉಳಿದಿರಲಿಲ್ಲ, ಕೈ ಕಳೆದುಕೊಂಡವನೊಬ್ಬನನ್ನು ಬಿಟ್ಟು.

“ಏಳ ಗಿರಿಯಪ್ಪ, ನಿನ್ ಪಾಳಿ,” ಎಂದ ಕೆರಿಯಪ್ಪ. “ನಾನು ಎರಡು ಕೈ ಇಟ್ಕಂಡು ಏಳ್ನೇ ಕ್ಲಾಸ್ ಫೇಲಾದೆ. ನೀನು ಒಂದ್ರಲ್ಲೇ ಪಾಸಾಗ್ತೀಯ.”

“ಫೇಲಾಗ್ತೀನಿ ಅಂದ್ರೆ ಬಿಡಾಕಿಲ್ಲ ಅಂತಾರಲ್ಲ ಮಾರಾಯ,” ಎಂದು ಗಿರಿಯಪ್ಪ ಎದ್ದ.

ಪೂರ್ಣೇಶ್ ಅವನ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಬಂದ. ಇಷ್ಟು ಕಾಲದಲ್ಲಿ ಆ ಹೆಗಲನ್ನು ಅವನು ಮುಟ್ಟಿದ್ದು ಅದೇ ಮೊದಲು. ಟ್ಯಾಬನ್ನು ಎಡಕ್ಕೆ ಸರಿಸಿದ್ದೂ ಅವನೇ. “ಎಡಗೈಲಿ ಕಂಬಿ ಮುಟ್ಟು, ಸಾಕು. ಆವತ್ತಿಂದು ಆಮೇಲೆ ಯಾರಾದ್ರೂ ಕೇಳಿದ್ರೆ ‘ಕಂಬಿ ತಳ್ಳೋದು ಮರ್ತೆ’ ಅಂತ ಒಂದ್ಮಾತು ಹೇಳು. ಪಾಸಾದೆ ಅಂದ್ರೆ ನಾಳೆಯಿಂದ್ಲೇ ತೋಪು ಕಾಯೋ ಕೆಲ್ಸ. ಕೂತ್ಕಂಡು ಮಾಡೋದು.”

ಗಿರಿಯಪ್ಪ ಯಂತ್ರದ ಬಾಯಿಯ ಹತ್ತಿರ ಹೋಗಿ ನಿಂತ. ಸೌಜನ್ಯಾ ರೆಕಾರ್ಡಿಂಗ್ ಒತ್ತಿ ಪ್ರಶ್ನೆ ಶುರು ಮಾಡಿದಳು.

“ಕೊಂಬೆ ಕೊಡುವಾಗ ಎಲ್ಲಿ ನಿಲ್ಲಬೇಕು?”

“ಬಗಲಿಗೆ. ಎದುರಿಗಲ್ಲ.”

“ಯಾರು ಹೇಳಿಕೊಟ್ಟರು?”

“ಆಸ್ಪತ್ರೆಲಿ ಪಕ್ಕದ ಮಂಚದೋನು.”

ಪೂರ್ಣೇಶ್ ಗಂಟಲು ಸರಿಮಾಡಿಕೊಂಡ. ಸೌಜನ್ಯಾ ಮುಂದಿನ ಪ್ರಶ್ನೆಗೆ ಹೋದಳು. ಕೈಪಿಡಿಯಲ್ಲಿ ಮುಂದಿನದು ಕಂಬಿಯದೇ. ಕಂಬಿಯ ಪ್ರಶ್ನೆಗೆ ಉರುಳೆ ತಿರುಗುತ್ತಿರಬೇಕು ಎಂದಿತ್ತು. ಬೆಳಗಿನಿಂದ ಯಾರಿಗೂ ಅವಳು ಯಂತ್ರ ಚಾಲೂ ಮಾಡಿಸಿರಲಿಲ್ಲ. ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಕ್ಕೆ ಡೀಸೆಲ್ ಯಾಕೆ ಎಂದು ಪೂರ್ಣೇಶನೂ ಹೇಳಿದ್ದ. ಈಗ ಅವಳು ದಪ್ಪಕ್ಷರವನ್ನು ಇನ್ನೊಮ್ಮೆ ಓದಿ, “ಕೆರಿಯಪ್ಪಾ, ಚಾಲೂ ಮಾಡಿ. ನಿಧಾನಕ್ಕಿಡಿ,” ಎಂದಳು.

ಕೆರಿಯಪ್ಪ ಹಿಂದೆ ಹೋಗಿ ಕೀಲಿ ತಿರುಗಿಸಿದ. ಇಂಜಿನ್ ಗುಡುಗಿತು. ಉರುಳೆಗಳು ಖಾಲಿ ಬಾಯಲ್ಲಿ ಏನೋ ಮೆಲ್ಲುವಂತೆ ತಿರುಗತೊಡಗಿದವು. ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಗಿರಿಯಪ್ಪ ಸರಿಯಲಿಲ್ಲ.

“ಯಂತ್ರ ನಿಮ್ಮನ್ನು ಎಳೆಯುತ್ತಿದೆ ಅಂದುಕೊಳ್ಳಿ. ನಿಲ್ಲಿಸಿ ತೋರಿಸಿ,” ಎಂದಳು ಸೌಜನ್ಯಾ.

ಗಿರಿಯಪ್ಪ ಎಡಗೈ ಚಾಚಲಿಲ್ಲ, ಕಣ್ಣಿಗೂ ಒತ್ತಿಕೊಳ್ಳಲಿಲ್ಲ. ಪಕ್ಕಕ್ಕೆ ತಿರುಗಿ, ಸೊಂಟವನ್ನು ಕಂಬಿಗೆ ಕೊಟ್ಟು ಒರಗಿದ. ತಿರುಗಿದ್ದರಿಂದ ಬಲತೋಳು ಪೂರಾ ಟ್ಯಾಬಿನ ಎದುರಿಗೆ ಬಂತು. ಅವನು ಕಾಲೂರಿ ತಳ್ಳಿದ. ಕುತ್ತಿಗೆಯ ನರ ಬಿಗಿಯಿತು. ಹುರಿ ಕಿರುಗುಟ್ಟಿತು. ಕಾಯಿ ಅಲುಗಲಿಲ್ಲ. ಉರುಳೆ ತಿರುಗುತ್ತಲೇ ಇತ್ತು.

“ಸರಿಯಾಗಿ ಮಾಡ್ದ,” ಎಂದ ಪೂರ್ಣೇಶ್ ಜೋರಾಗಿ. “ತಳ್ಳೋದು ಗೊತ್ತಿದೆ ಅವಂಗೆ. ಪಾಸು. ಬರ್ಕಾ ಸೌಜನ್ಯಾ.”

ಅವಳಿಗೆ ಅದು ಸುಳ್ಳೆನ್ನಲು ಬರಲಿಲ್ಲ. ಬೆಳಗಿನಿಂದ ಬಂದವರಲ್ಲಿ ಕಂಬಿ ತಳ್ಳಿದವನು ಇವನೊಬ್ಬನೇ. ಸರಿಯಾಗಿ ತಳ್ಳಿದ್ದಾನೆ ಎಂದು ಬರೆದರೆ ಹೋದ ಕೈ ಅವನ ತಪ್ಪಾಗುತ್ತಿತ್ತು. ಪರೀಕ್ಷೆಯನ್ನು ಹಾಗೆ ಮಾಡಿಟ್ಟಿದ್ದರು. ಆಗ ಅವಳು ಕೈಪಿಡಿಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದಳು.

“ಆವತ್ತು ಏನು ಮಾಡಿದಿರಿ?”

“ಆವತ್ತೂ ಇದನ್ನೇ ಮಾಡಿದ್ದು ಅಮ್ಮಾ,” ಎಂದ ಗಿರಿಯಪ್ಪ, ತಳ್ಳುತ್ತಲೇ. “ಹೀಂಗೇ ಒರಗಿದ್ದೆ. ಕೈಯ ಗ್ಲೌಸು ಕೊಂಬೆಗೆ ಸಿಕ್ಕಿತ್ತು. ಕೆರಿಯಪ್ಪ ಸುತ್ತು ಹಾಕಿ ಕೀಲಿ ಹತ್ರ ಹೋಗಾವರೆಗೂ ತಳ್ತಾನೇ ಇದ್ದೆ.”

“ಮರ್ತೆ ಅನ್ನು ಅಂದ್ನಲ್ಲ,” ಎಂದ ಪೂರ್ಣೇಶ್.

“ಮರೆಯಾಕೆ ಬಿಡ್ಲಿಲ್ಲ ಗೌಡ್ರೆ ಅದು. ಎಳೀತಾನೇ ಇತ್ತು.”

“ಆಯ್ತು. ಬಾ ಈಚೆ. ಪಾಸಾದೆ, ಮುಗೀತು.”

“ಅಮ್ಮ ನಿಲ್ಸಿ ತೋರ್ಸು ಅಂದಾರೆ. ಎಲ್ಲಿ ನಿಂತೈತೆ? ನಿಂತ ಮೇಲೆ ಬರ್ತೀನಿ.” ಗಿರಿಯಪ್ಪ ಒರಗಿಕೊಂಡೇ ಇದ್ದ. ಬಿಳಿ ಅಂಗಿಗೆ ಕುಂಕುಮ ಹತ್ತಿತ್ತು.

ಪೂರ್ಣೇಶ್ ಯಂತ್ರದ ಹಿಂದಕ್ಕೆ ನೋಡಿ, “ಕೆರಿಯಪ್ಪ, ಕೀಲಿ ತೆಗಿಯೋ,” ಎಂದ.

ಕೆರಿಯಪ್ಪನ ಕೈ ಕೀಲಿಯ ಹತ್ತಿರವೇ ಇತ್ತು. ಅವನು ಆ ಕೈಯನ್ನು ಚಡ್ಡಿಯ ಜೇಬಿಗೆ ಇಳಿಬಿಟ್ಟ. “ಕಂಬಿಲೇ ನಿಲ್ಬೇಕಂತಲ್ರಾ ಪರೀಕ್ಷೇಲಿ. ನಾನು ಕೀಲಿ ತೆಗುದ್ರೆ ನಕಲು ಆಗ್ತೈತೆ.” ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿದರು. “ಬೇಕಾರೆ ಹುರಿ ಕೊಯ್ರಿ ಗೌಡ್ರೆ. ಕಟ್ಟಿದ್ದು ನೀವೇ. ನಮ್ಮ ಕೈಲಿ ಆಗದಿಲ್ಲ, ಪಾಪ ಬರ್ತೈತೆ.” ಹೂ ಮುಡಿಸಿದ ಹೆಂಗಸು ಸೊಂಟದ ಕತ್ತಿ ತೆಗೆದು, ಹಿಡಿ ಪೂರ್ಣೇಶನ ಕಡೆಗೆ ಇರುವ ಹಾಗೆ ಚಾಚಿದಳು.

ಪೂರ್ಣೇಶ್ ಕತ್ತಿಯನ್ನು ನೋಡಿದ, ಕಾಯಿಯನ್ನು ನೋಡಿದ. ಬರಿಗಾಲಲ್ಲಿ ನಿಂತಿದ್ದದ್ದು ಆಗ ನೆನಪಿಗೆ ಬಂದು ಚಪ್ಪಲಿ ಹುಡುಕಿ ಹಾಕಿಕೊಂಡ. ಆಮೇಲೆ ಸೌಜನ್ಯಾಳ ಹತ್ತಿರ ಬಂದು ದನಿ ತಗ್ಗಿಸಿದ.

“ವಿಡಿಯೋ ನಿಲ್ಸು ಮಾರಾಯ್ತಿ. ಬಲಗೈ ಬರ್ತಿದೆ. ಕಾಯಿನೂ ಬರ್ತಿದೆ. ಇದನ್ನ ಅಳಿಸಿ ಇನ್ನೊಂದ್ಸಲ ತೆಗಿ. ನಿನ್ನ ದೊಡ್ಡಪ್ಪನ ಭಾವಂಗೆ ನಾನು ಫೋನ್ ಮಾಡಬೇಕಾ?”

ಟ್ಯಾಬಿನ ಮೂಲೆಯ ಕೆಂಪು ಚುಕ್ಕೆ ಮಿನುಗುತ್ತಿತ್ತು. ಚಿತ್ರದಲ್ಲಿ ಕಾಯಿ, ಹೂವು, ಕಂಬಿ, ಖಾಲಿ ತೋಳು, ಅದರ ಹಿಂದೆ ತಿರುಗುವ ಉರುಳೆ. ಸೌಜನ್ಯಾ ಸ್ಟ್ಯಾಂಡಿನ ಕಾಲನ್ನು ಅಲುಗದಂತೆ ಮಣ್ಣಿಗೆ ಒತ್ತಿ ನಿಲ್ಲಿಸಿದಳು. ಗಿರಿಯಪ್ಪ ಬಿಟ್ಟೆದ್ದ ದಿಮ್ಮಿಯ ಮೇಲೆ ಹೋಗಿ ಕೂತಳು.

“ಇಲ್ಲ,” ಎಂದಳು. “ನಿಲ್ಲಿಸಲ್ಲ. ಯಂತ್ರ ನಿಂತಿಲ್ಲವಲ್ಲ.”