ಹೂಂಗುಟ್ಟುವ ಹುಡುಗಿ

ತೇರದಾಳದಲ್ಲಿ ಬಸ್ ಹತ್ತಿದ ಕೂಡಲೇ ನಾನು ಮಾಡುವ ಕೆಲಸ, ರೇಷ್ಮಾಳಿಗೆಂದು ಪಕ್ಕದ ಸೀಟಿನ ಮೇಲೆ ಚೀಲ ಇಡುವುದು. ಅವಳು ಬನಹಟ್ಟಿಯಲ್ಲಿ ಹತ್ತುತ್ತಾಳೆ. ಜಮಖಂಡಿಯ ಕಾಲೇಜಿನಲ್ಲಿ ಇಬ್ಬರೂ ಬಿ.ಎಸ್ಸಿ. ಮೊದಲ ವರ್ಷ. ಆದರೆ ವಾರದಿಂದ ಅವಳ ಪತ್ತೆಯಿಲ್ಲ, ಫೋನೂ ಎತ್ತುವುದಿಲ್ಲ. ಖಾಲಿ ಸೀಟು ಕಾಯ್ದು ಕಂಡಕಂಡವರಿಂದ ಬೈಸಿಕೊಂಡದ್ದೇ ಬಂತು. ಇವತ್ತು ತಲೆ ಕೆಟ್ಟು ಬನಹಟ್ಟಿಯಲ್ಲೇ ಇಳಿದು ಅವಳ ಮನೆಗೇ ಹೋದೆ.

ಮಹಾರಾಣಿ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಪಕ್ಕದ ಮನೆಯ ಮಗ್ಗದ ಸದ್ದಿಗೆ ಕೂಗಿಯೇ ಮಾತಾಡಬೇಕಾಯಿತು.

“ನಾ ಕಾಲೇಜ ಬಿಡಾಕತ್ತೇನಿ ಸರಿತಾ. ಭೀಮಶಿ ಸರ್ ಇಂಗ್ಲಿಷಿನ್ಯಾಗ ಹೇಳೂದು ಒಂದಕ್ಷರ ತಿಳಿಯಂಗಿಲ್ಲ. ನಿನಗ ಎಲ್ಲಾ ತಿಳಿತೈತಿ. ನಿನ್ನ ಮಗ್ಗಲ ಕುಂತ್ರ ನಾನೊಬ್ಬಾಕಿನ ದಡ್ಡಿ ಅನಸ್ತೈತಿ.”

“ನನಗ ತಿಳಿತೈತಿ ಅಂತ ಯಾರ್ ಹೇಳಿದ್ರಲೇ?”

“ಅವರ ಮಾತ ಮಾತಿಗೂ ನೀ ಹೂಂ ಅಂತಿ. ಅವರೂ ನಿನ್ನ ಮಾರಿ ನೋಡೇ ಮುಂದ ಹೋಗ್ತಾರ.”

ಅಯ್ಯೋ ದೇವರೇ. ನಮ್ಮ ಮನೆಯಲ್ಲಿ ಹಿರಿಯರು ಮಾತಾಡುವಾಗ ಯಾರಾದರೊಬ್ಬರು ಹೂಂಗುಟ್ಟಲೇಬೇಕು. ಇಲ್ಲದಿದ್ದರೆ ಜಕ್ಕಪ್ಪಜ್ಜ ಮಾತು ನಿಲ್ಲಿಸಿ, “ಮಲಗೀರೇನು?” ಎಂದು ಕೇಳುತ್ತಾನೆ. ಸಣ್ಣವಳಿದ್ದಾಗಿನಿಂದ ಆ ಕೆಲಸ ನನ್ನದು. ಸರ್ ಮಾತಾಡಿದರೂ ಬಾಯಿ ತಾನೇ ಹೂಂ ಅನ್ನುತ್ತದೆ. ಅದು ಮರ್ಯಾದೆ, ತಿಳಿವಳಿಕೆಯಲ್ಲ.

“ಖರೆ ಹೇಳ್ತೀನಿ, ನನಗೂ ಏನೂ ತಿಳಿದಿಲ್ಲ,” ಎಂದೆ. “ನೀ ಸುಮ್ಮ ಕುಂತಿರ್ತಿದ್ದಿ. ನಿನಗ ತಿಳದೈತಿ ಅನ್ಕೊಂಡು ನಾ ಕೇಳಲಿಲ್ಲ.”

“ಹಂಗಾರ ದಿನಾ ಯಾಕ ಬರ್ತಿದ್ದಿ?”

“ನೀ ಬರ್ತಿ ಅಂತ.”

ಅವಳಿಗೆ ಸಿಟ್ಟು ಬಂತೋ ನಗು ಬಂತೋ, ನನಗಂತೂ ಗೊತ್ತಾಗಲಿಲ್ಲ. ಮೊರ ಬದಿಗಿಟ್ಟಳು. “ಇವತ್ತೊಂದ ದಿನ ಬರ್ತೀನಿ. ಕ್ಲಾಸಿನ್ಯಾಗ ನೀ ಎದ್ದು ಸರ್‌ಗ ಕೇಳಬೇಕ. ಕೇಳಲಿಲ್ಲಂದ್ರ ನಾಳಿಂದ ನನ್ನ ಸುದ್ದಿಗೆ ಬರಬ್ಯಾಡ.”

ಮಧ್ಯಾಹ್ನದ ತರಗತಿಯಲ್ಲಿ ಭೀಮಶಿ ಸರ್ ಬೋರ್ಡಿನ ತುಂಬ ಬರೆದು ನನ್ನತ್ತ ತಿರುಗಿದರು. ನಾನು ತುಟಿ ಕಚ್ಚಿ ಹಿಡಿದೆ. ಅವರು ಅದೇ ಮಾತನ್ನು ಮತ್ತೊಮ್ಮೆ ಹೇಳಿ ಕಾದರು. ರೇಷ್ಮಾ ಮೊಣಕೈಯಿಂದ ತಿವಿದಳು. ಭಯದಲ್ಲೇ ಎದ್ದು ನಿಂತೆ.

“ಸರ್, ತಿಳೀಲಿಲ್ಲರಿ.”

“ಎಲ್ಲಿಂದ ತಿಳೀಲಿಲ್ಲ?”

ನಾನು ಬೋರ್ಡಿನ ಮೇಲಿಂದ ಕೆಳಗಿನವರೆಗೆ ಕಣ್ಣಾಡಿಸಿದೆ. ಅಷ್ಟರಲ್ಲಿ ರೇಷ್ಮಾ ಎದ್ದಳು.

“ಮೊದಲಿಂದರಿ.”

“ನನಗೂರಿ,” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಇನ್ಯಾರೋ ಅದನ್ನೇ ಅಂದರು.

ಸರ್ ಮುಖ ಸಪ್ಪಗಾಯಿತು. ಬೈಯುತ್ತಾರೋ, ಹೊರಗೆ ಹಾಕುತ್ತಾರೋ ಎಂದು ನಿಂತೇ ಇದ್ದೆವು. ಅವರು ಬೋರ್ಡು ಪೂರ್ತಿ ಒರೆಸಿದರು.

“ಯಾರರೆ ಒಬ್ಬರು ನನಗ ಹೇಳಬಾರದಿತ್ತ?” ಎಂದು ಮೆಲ್ಲಗೆ ಕೇಳಿ, ಮೊದಲ ಪಾಠದ ಹೆಸರನ್ನು ಕನ್ನಡದಲ್ಲಿ ಬರೆದರು.

ರೇಷ್ಮಾ ಕೂತವಳೇ ನನ್ನ ಕೈಯಲ್ಲಿದ್ದ ಪೆನ್ನು ಕಸಿದುಕೊಂಡು ಬರೆಯತೊಡಗಿದಳು. ಬರುವಾಗ ಅವಳು ಒಂದು ಪೆನ್ನು ಕೂಡ ತಂದಿರಲಿಲ್ಲ.