ವಾಪಸ್ ಒಯ್ದ ಹಿಡಿಜೋಳ

ನನಗೆ ಸಿಟ್ಟು ಬೇಗ ಬರುತ್ತದೆ. ಊರಿಗೆಲ್ಲ ಗೊತ್ತಿರುವ ಮಾತು, ಮುಚ್ಚಿಟ್ಟು ಏನು ಮಾಡಲಿ? "ಸುಮಿತ್ರಾಬಾಯಿ ಬಾಯಿ ತಗದ್ಲಂದ್ರ ನಾಯಿ ಸೈತ ಓಣಿ ಬಿಡ್ತಾವ" ಎಂದು ಗಿರಣಿಯ ಮೋದಿನಸಾಬ ಹೇಳುತ್ತಿರುತ್ತಾನೆ. ಹೇಳಲಿ. ಆದರೆ ನಮ್ಮ ಕ್ರೈಸ್ತ ಸಭೆಯ ಬಗ್ಗೆ ಯಾರಾದರೂ, "ನಿಮ್ಮೊಳಗೂ ಜಾತಿ ಐತಿ, ಪಾರ್ಟಿ ಐತಿ, ಮತ್ತ ಬ್ಯಾರೆ ಏನ್ ಮಾಡೀರಿ?" ಎಂದು ನಕ್ಕರೆ ನಾನು ಸುಮ್ಮನಿರುವವಳಲ್ಲ. ಹೌದು, ಐತಿ. ಎಲ್ಲ ಊರಿನ ಮಂದಿಯ ಹಾಗೆ ನಾವೂ ಜಗಳಾಡುತ್ತೇವೆ. ಆಮೇಲೆ ಏನು ಮಾಡುತ್ತೇವೆ ಎಂಬುದನ್ನು ಕೂತು ಕೇಳಿ.

ನಮ್ಮದು ಇಂಡಿ ತಾಲೂಕಿನ ಹಳ್ಳಿ. ಸಭೆ ಎಂದರೆ ತಗಡು ಹೊದಿಸಿದ ಒಂದು ಗುಡಿ, ನೆಲಕ್ಕೆ ಜಮಖಾನೆ, ಬೆರಳೆಣಿಕೆಯ ಮನೆಗಳು. ಹೆಚ್ಚಿನವರು ಊರಾಚೆಯ ಕೇರಿಯವರು. ಅವರಲ್ಲಿ ಮೊದಲು ವಿಶ್ವಾಸಕ್ಕೆ ಬಂದವಳು ಹುಲಿಗೆವ್ವ. ದೀಕ್ಷಾಸ್ನಾನವಾದರೂ ಹೆಸರು ಬದಲಿಸಿಕೊಳ್ಳಲಿಲ್ಲ, "ಹುಟ್ಟಿಸಿದಾವಗ ನನ್ನ ಹೆಸರ ಗೊತ್ತೈತಿ" ಅಂದಳು. ಊರೊಳಗಿನ ದೊಡ್ಡ ಮನೆತನದಿಂದ ಬಂದವನು ಶ್ರೀಶೈಲಪ್ಪ ಒಬ್ಬನೇ, ಜೊತೆಗೆ ಅವನ ಹೆಂಡತಿ ದಾನೇಶ್ವರಿ. ಸಭಾಪಾಲಕ ಬಸಂತರಾಯರು ಸಿಂದಗಿಯಲ್ಲಿದ್ದರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನ ನಡೆಸಿ ಹೋಗುತ್ತಿದ್ದರು.

ಆ ಭೋಜನಕ್ಕೆ ಬೇರೆ ಕಡೆ ಪೇಟೆಯ ಬ್ರೆಡ್ಡು ತರುತ್ತಾರೆ. ನಮ್ಮಲ್ಲಿ ಜೋಳದ ರೊಟ್ಟಿ. ಶ್ರೀಶೈಲಪ್ಪ ಸಭೆಗೆ ಹೊಸದಾಗಿ ಸೇರಿದಾಗ ಒಳ್ಳೆಯ ಮನಸ್ಸಿನಿಂದಲೇ, "ಇನ್ ಮ್ಯಾಲೆ ತಿಂಗಳಾ ಇಂಡಿಯಿಂದ ಬ್ರೆಡ್ಡು ನಾ ತರಸ್ತೇನ್ರಿ" ಅಂದಿದ್ದ. ಹುಲಿಗೆವ್ವ ಎದ್ದು ನಿಂತಳು.

"ಒಬ್ಬರ ಮನೀದು ಉಂಡ್ರ ಅದು ಬೀಗರ ಊಟ ಆಗ್ತೈತ್ರಿ ಗೌಡ್ರ. ಎಲ್ಲಾರೂ ಹಿಡಿ ಹಿಡಿ ಜೋಳ ತರೂಣು. ಕೂಡಿಸಿ ಬೀಸಿ, ಒಂದ ರೊಟ್ಟಿ ಮಾಡೂಣು."

ದೊಡ್ಡ ಮನೆತನದವನ ಮಾತನ್ನು ಕೇರಿಯ ಹೆಂಗಸು ಎದುರೆದುರೇ ತೆಗೆದುಹಾಕಿದ್ದಳು. ಶ್ರೀಶೈಲಪ್ಪ ನಕ್ಕುಬಿಟ್ಟ. ಮುಂದಿನ ಭೋಜನದ ಹಿಂದಿನ ಶನಿವಾರ ಎಲ್ಲರಿಗಿಂತ ಮೊದಲು ಹಿಡಿಜೋಳ ತಂದವನು ಅವನೇ. ಅಂದಿನಿಂದ ಅದೇ ಪದ್ಧತಿ. ಶನಿವಾರ ಜೋಳ ನನ್ನ ಗಡಿಗೆಗೆ ಬೀಳುತ್ತದೆ, ನಾನು ಮೋದಿನಸಾಬನ ಗಿರಣಿಯಲ್ಲಿ ಬೀಸಿಸುತ್ತೇನೆ, ಭಾನುವಾರ ರೊಟ್ಟಿ ಬಡಿಯುತ್ತೇನೆ.

ಎರಡು ಸಾವಿರದ ಇಸವಿಯಲ್ಲಿ ಪಂಚಾಯ್ತಿ ಇಲೆಕ್ಷನ್ ಬಂತು ನೋಡಿ, ಅಲ್ಲಿಗೆ ಕೆಟ್ಟಿತು. ಹುಲಿಗೆವ್ವನ ಮಗ ಹಣಮಂತ್ರಾಯ ಇಂಡಿಗೆ ಟೆಂಪೋ ಹೊಡೆಯುವವನು. ಮಾತಿನಲ್ಲಿ ಚುರುಕು, ಮೀಸೆ ಅದಕ್ಕಿಂತ ಚುರುಕು. ಅವನು ಒಂದು ಪಾರ್ಟಿಯಿಂದ ನಿಂತ. ಎದುರು ಪಾರ್ಟಿ ಕಟ್ಟಿದವನು ಶ್ರೀಶೈಲಪ್ಪನ ಅಣ್ಣ. ಹಣಮಂತ್ರಾಯ ಟೆಂಪೋದ ಮೇಲೆ ಮೈಕ್ ಕಟ್ಟಿಕೊಂಡು ಊರ ತುಂಬ ಒದರಿದ: "ಶ್ರೀಶೈಲಪ್ಪ ಗೌಡ್ರು ಗುಡ್ಯಾಗ ನಮ್ಮ ಬಾಜೂಕ ಕುಂಡ್ರತಾರ! ಮನ್ಯಾಗ ನಮ್ಮನ್ನ ಹೊಸ್ತಿಲಾ ದಾಟಸೂದಿಲ್ಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಣಮಂತ್ರಾಯ ಗೆದ್ದ, ಅಣ್ಣನ ಪಾರ್ಟಿ ಮಣ್ಣು ಮುಕ್ಕಿತು. ಮರುದಿನ ಕೇರಿಯ ನಳದಲ್ಲಿ ನೀರು ನಿಂತಿತು. ಆ ನೀರು ಬರುತ್ತಿದ್ದದ್ದು ಶ್ರೀಶೈಲಪ್ಪನ ನಿಂಬೆತೋಟದ ಬೋರಿನಿಂದ. ಅಣ್ಣ ಚುಚ್ಚಿದ, ತಮ್ಮ ಹೋಗಿ ವಾಲ್ವ್ ತಿರುಗಿಸಿದ. ಆಮೇಲೆ ಬಂದದ್ದು ನಮ್ಮ ಕಡೆಯ ಬೇಸಿಗೆ. ಕೇರಿಯ ಹೆಂಗಸರು ಹಳ್ಳದ ಬಾವಿಗೆ ನಡೆಯತೊಡಗಿದರು. ಹುಲಿಗೆವ್ವನ ಮೊಣಕಾಲು ಮೊದಲೇ ಕೈಕೊಟ್ಟಿದ್ದವು, ಅವಳೂ ನಡೆದಳು.

"ನಾವು ಬ್ಯಾರೆ ಆಗ್ತೀವಿ" ಎಂದ ಹಣಮಂತ್ರಾಯ. "ಕೇರ್ಯಾಗ ನಮ್ಮದ ಒಂದ ಸಭೆ ಮಾಡ್ತೀವಿ. ನಮ್ಮ ಮಂದೀದು."

ಅರ್ಧ ಕೇರಿ ಅವನ ಬೆನ್ನಿಗಿತ್ತು. ಹುಲಿಗೆವ್ವ ನನ್ನ ಅಡುಗೆಮನೆಯಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ನಾ ಕೂಡಿಸಿದ್ದನ್ನ ನನ್ನ ಹೊಟ್ಟ್ಯಾಗ ಹುಟ್ಟಿದಾವ ಒಡದ್ರ ನಾ ಯಾವ ಕಡೆ ಕುಂಡ್ರಲಿ, ಸುಮಿತ್ರಾಬಾಯಿ?" ಅವಳ ಅಳು ನೋಡಿ ನನಗೆ ಸಿಟ್ಟು ಇನ್ನೂ ಏರಿತು.

ಈಸ್ಟರ್ ಹಿಂದಿನ ಶನಿವಾರ ಎಲ್ಲ ಮನೆಗಳ ಜೋಳ ಬಂತು. ಹುಲಿಗೆವ್ವ ಬೆಳಿಗ್ಗೆಯೇ ಹಾಕಿ ಹೋದಳು. ದಾನೇಶ್ವರಿಯೂ ಸೆರಗಿನೊಳಗೆ ಮುಚ್ಚಿಕೊಂಡು ತಂದು, ನನ್ನ ಮುಖ ನೋಡದೆ ಸುರಿದು ಹೋದಳು. ನಾನು ಗಡಿಗೆ ಹೊತ್ತು ಗಿರಣಿಗೆ ಬಂದರೆ ಕರೆಂಟಿಲ್ಲ. ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದೆ. ಹಣಮಂತ್ರಾಯನ ಟೆಂಪೋ ಕಿರ್ರೆಂದು ನಿಂತಿತು.

"ಅತ್ತಿ, ನಮ್ಮ ಮನೀ ಜೋಳ ತಗದ ಕೊಡ್ರಿ."

"ಯಾಕಪಾ?"

"ಅವರ ಜೋಳದ ಜೋಡಿ ನಮ್ಮದು ಬೀಸೂದು ಬ್ಯಾಡ. ನಾಳಿಂದ ನಮ್ಮ ಸಭೆ ಬ್ಯಾರೆ."

ನೆತ್ತಿಗೇರಿತು ನನಗೆ. ಗಡಿಗೆಯನ್ನು ಅವನ ಮುಂದೆ ಸರಿಸಿದೆ. "ತಗೊಳಪಾ. ನಿಮ್ಮ ಮನೀ ಕಾಳು ಯಾವವು, ಆರಿಸಿ ತಗೋ. ಒಂದ ಕಾಳು ಹೆಚ್ಚ ಒಯ್ಯಬ್ಯಾಡ, ಒಂದ ಕಾಳು ಬಿಟ್ಟ ಹೋಗಬ್ಯಾಡ."

ಗಿರಣಿಯೊಳಗಿಂದ ಮೋದಿನಸಾಬ, "ಜರಡಿ ಕೊಡ್ಲೇನೋ ತಮ್ಮಾ?" ಎಂದು ಕೂಗಿದ. ಹಣಮಂತ್ರಾಯನ ಮುಖ ಕೆಂಪಾಯಿತು. ಗಡಿಗೆಯೊಳಗೆ ಕೈ ಹಾಕಿ ಒಂದು ಹಿಡಿ ಎತ್ತಿಕೊಂಡ. "ಇದ ನಮ್ಮದು."

"ಹೌದಾ? ಇದ್ರಾಗ ದಾನೇಶ್ವರಿ ತಂದ ಕಾಳು ಒಂದೂ ಇಲ್ಲಂತ ಎದಿ ಮುಟ್ಟಿ ಹೇಳು ನೋಡೂಣು. ನಾಳಿ ನೀ ಬ್ಯಾರೆ ಕುಂತು ರೊಟ್ಟಿ ಮುರದ್ರ ಅದ್ರಾಗೂ ಗೌಡನ ಜೋಳ ಇರ್ತೈತಿ. ಎಲ್ಲಿಗೆ ಓಡ್ತಿ ಮಗನ?"

ಅವನು ಆ ಹಿಡಿಯನ್ನು ಟಾವೆಲ್ಲಿನ ಮೂಲೆಗೆ ಗಂಟು ಕಟ್ಟಿಕೊಂಡು ಹೊರಟುಹೋದ. ಮಾತಿನಲ್ಲಿ ನಾನು ಗೆದ್ದೆ, ಗಡಿಗೆಯಲ್ಲಿ ಮಾತ್ರ ಸೋತೆ. ಅಷ್ಟರಲ್ಲಿ ಕರೆಂಟು ಬಂತು.

"ಹಾಕಲೇನ್ ಬಾಯಿ?" ಎಂದ ಮೋದಿನಸಾಬ.

"ಬ್ಯಾಡ. ಒಂದ ಹಿಡಿ ಕಡಿಮಿ ಐತಿ."

"ಅಲ್ಲಬೇ, ಒಂದ ಹಿಡಿ! ಯಾರಿಗೆ ತಿಳೀತೈತಿ?"

"ನನಗ ತಿಳೀತೈತಿ."

ಅವನು ಮಷೀನು ಬಂದ್ ಮಾಡಿದ.

ಗಡಿಗೆಯನ್ನು ಮನೆಯಲ್ಲಿಟ್ಟು ಸೀದಾ ನಿಂಬೆತೋಟಕ್ಕೆ ನಡೆದೆ. ಹೊತ್ತು ಇನ್ನೂ ಇಳಿದಿರಲಿಲ್ಲ. ಶ್ರೀಶೈಲಪ್ಪ ಗಿಡಗಳ ಪಾತಿಗೆ ನೀರು ತಿರುವುತ್ತಿದ್ದ.

"ಭಾಳ ಚಲೋ ಆತು" ಅಂದೆ. "ನಿನ್ನ ನಿಂಬಿಗಿಡ ತಂಪಾಗ್ಯಾವ. ಹುಲಿಗೆವ್ವ ಮೊಣಕಾಲ ಹಿಡಕೊಂಡು ಹಳ್ಳದ ನೀರ ಹೊರಾಕತ್ಯಾಳ."

"ಅವ ಊರಾಗ ಮೈಕ್ ಹಚ್ಚಿ ನನ್ನ ಮಾನಾ ಕಳದಾನ್ರಿ."

"ಸುಳ್ಳ ಹೇಳಿದ್ನೇನು?"

ಅವನು ಸಲಿಕೆ ನೆಲಕ್ಕೆ ಊರಿದ. "ಮನಿ ಅಣ್ಣಂದ್ರಿ. ಹೊಸ್ತಿಲಾ ಅಂವಂದು. ನಾ ಏನ್ ಮಾಡ್ಲಿ?"

"ಹೊಸ್ತಿಲಾ ಅಣ್ಣಂದು, ಒಪ್ಪಿದೆ. ವಾಲ್ವ್ ತಿರುವಿದ ಕೈ ಯಾರದು?"

ಅವನು ವಾದಕ್ಕೆ ನಿಲ್ಲುತ್ತಾನೆ ಎಂದುಕೊಂಡು ನಾನು ಸೊಂಟಕ್ಕೆ ಸೆರಗು ಬಿಗಿದಿದ್ದೆ. ಅವನು ಮಣ್ಣು ಮೆತ್ತಿದ ತನ್ನ ಅಂಗೈ ನೋಡಿಕೊಂಡ. ಅಷ್ಟು ದೊಡ್ಡ ಗಂಡಸು, ಕಣ್ಣಲ್ಲಿ ನೀರು ತಂದುಕೊಂಡ. "ಹಿಡಿಜೋಳಾನೂ ಇದ ಕೈಯಾಗ ಅಳದು ಕೊಟ್ಟೇನ್ರಿ ದಾನೇಶ್ವರಿ ಕಡೆ" ಎಂದ. ನಾನು ಬಿಗಿದ ಸೆರಗು ಸಡಿಲಿಸಿ ಮನೆಗೆ ಬಂದೆ. ನನ್ನ ಬಾಯಿಗೂ ಒಮ್ಮೊಮ್ಮೆ ಬೀಗ ಬೀಳುತ್ತದೆ.

ಈಸ್ಟರ್ ದಿನ ಬಸಂತರಾಯರು ಮೊದಲ ಬಸ್ಸಿಗೆ ಬಂದರು. ಮಧ್ಯಾಹ್ನದ ಆರಾಧನೆ ಅವರಿಗೆ ಸಿಂದಗಿಯಲ್ಲಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟಲಲ್ಲಿ ದ್ರಾಕ್ಷಿರಸ, ತಟ್ಟೆ ಖಾಲಿ.

"ರೊಟ್ಟಿ ಎಲ್ಲೈತ್ರಿ ಬಾಯಾರ?"

"ಮಾಡಿಲ್ರಿ. ಒಂದ ಹಿಡಿ ಬರೂದೈತಿ."

ನಡೆದದ್ದನ್ನೆಲ್ಲ ಹೇಳಿದೆ. ಇನ್ನೊಬ್ಬರಾಗಿದ್ದರೆ, "ಹಬ್ಬದ ದಿನ ಇದೇನು ಹಟ?" ಎನ್ನುತ್ತಿದ್ದರು. ಬಸಂತರಾಯರು ಮಂದಿ ಕೂತ ಕಡೆ ನೋಡಿದರು. ಜಮಖಾನೆಯ ಮೇಲೆ ಕೇರಿಯವರ ಅರ್ಧ ಜಾಗ ಬರಿದಾಗಿತ್ತು. "ಕಾಯೂಣ್ರಿ" ಎಂದು ತಾವೂ ನೆಲಕ್ಕೇ ಕೂತರು. ಅಂಥ ಮನುಷ್ಯ ಅವರು.

ಅದೇ ಹೊತ್ತಿಗೆ ಕೇರಿಯಲ್ಲಿ ಏನಾಯಿತು ಎಂಬುದನ್ನು ಹುಲಿಗೆವ್ವ ಆಮೇಲೆ ನನಗೆ ಹೇಳಿದಳು. ಬೆಳಿಗ್ಗೆ ಶ್ರೀಶೈಲಪ್ಪ ವಾಲ್ವ್ ಬಿಚ್ಚಿದ್ದಾನೆ. ಅಣ್ಣ ತೋಟದ ಬದುವಿನ ಮೇಲೆ ನಿಂತು, "ಇವತ್ತಿನಿಂದ ನಿನಗ ನಮ್ಮ ಮನ್ಯಾಗ ತಾಟಿಲ್ಲ" ಎಂದು ಒದರಿದ್ದಾನೆ. ಇವನು ತಿರುಗಿ ನೋಡದೆ ಕೇರಿಗೆ ಬಂದ. ನಳ ಮೊದಲು ಬುಸುಬುಸು ಗಾಳಿ ಬಿಟ್ಟು, ಆಮೇಲೆ ನೀರು ಬಿಟ್ಟಿತು. ಹೆಂಗಸರು ಕೊಡ ಹಿಡಿದು ಓಡಿ ಬಂದರು. ಹುಲಿಗೆವ್ವನ ಕೊಡ ತುಂಬಿತು. ಶ್ರೀಶೈಲಪ್ಪ ಬಾಗಿ ಆ ಕೊಡಕ್ಕೆ ಕೈ ಹಾಕಿದ. ಅವನ ಮನೆತನದ ಗಂಡಸು ಆ ಕೇರಿಯ ಕೊಡ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

"ಬ್ಯಾಡ್ರಿ ಗೌಡ್ರ!" ಎಂದು ಹುಲಿಗೆವ್ವ ಹಿಂದೆ ಸರಿದಳು.

"ಬಂದ್ ಮಾಡಿದ್ದು ಈ ಕೈಯವ್ವ. ಇದ ಕೈ ಎತ್ತಲಿ" ಎಂದು ಅವನು ಕೊಡವನ್ನು ಅವಳ ತಲೆಯ ಮೇಲಿನ ಸಿಂಬೆಗೆ ಏರಿಸಿದ.

ಹಣಮಂತ್ರಾಯ ತನ್ನ ಬಾಗಿಲಲ್ಲಿ ನಿಂತಿದ್ದ. ಶ್ರೀಶೈಲಪ್ಪ ಅವನತ್ತ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಹಣಮಂತ್ರಾಯ, ನೀ ಮೈಕ್‌ನ್ಯಾಗ ಹೇಳಿದ್ದು ಖರೆ. ಹೊಸ್ತಿಲಾ ಅಣ್ಣಂದು, ಸುಮ್ಮನ ಕುಂತಾವ ನಾನು. ತಪ್ಪಾತು."

ಹಣಮಂತ್ರಾಯ ಒಳಗೆ ಹೋದ. ಟಾವೆಲ್ಲಿನ ಗಂಟು ಗೂಟಕ್ಕೆ ತೂಗಿಬಿದ್ದಿತ್ತು. ಹಿಂದಿನ ದಿನ ಅವನು ಆ ಹಿಡಿಯನ್ನು ಮನೆಯ ಜೋಳದ ಚೀಲಕ್ಕೆ ಸುರಿಯಲು ಹೋದಾಗ ಹುಲಿಗೆವ್ವ ಚೀಲದ ಬಾಯಿ ಹಿಡಿದುಕೊಂಡಿದ್ದಳಂತೆ: "ಅದು ನಮ್ಮದಲ್ಲ. ಸಭೇದು."

ಗುಡಿಗೆ ಅವರು ಬಂದ ರೀತಿ ಇವತ್ತಿಗೂ ನನ್ನ ಕಣ್ಣಲ್ಲಿದೆ. ಮುಂದೆ ಹುಲಿಗೆವ್ವ, ಸೀರೆ ಅರ್ಧ ತೊಯ್ದಿತ್ತು. ಅವಳ ಹಿಂದೆ ಶ್ರೀಶೈಲಪ್ಪ. ಎಲ್ಲರ ಹಿಂದೆ, ತಲೆ ತಗ್ಗಿಸಿಕೊಂಡು ಹಣಮಂತ್ರಾಯ, ಅವನ ಬೆನ್ನಿಗೆ ಕೇರಿಯವರು. ಅವನು ಗಡಿಗೆಯ ಹತ್ತಿರ ಬಂದು ಗಂಟು ಬಿಚ್ಚಿ ಸುರಿದ.

"ಟಾವೆಲ್ ಝಾಡಸು" ಅಂದೆ. "ಒಂದ ಕಾಳೂ ಉಳೀಬಾರದು." ಗಟ್ಟಿಯಾಗಿ ಹೇಳದಿದ್ದರೆ ಅಳು ಬಂದುಬಿಡುತ್ತಿತ್ತು.

ಗಿರಣಿಗೆ ಹೋಗೋಣವೆಂದರೆ ಮತ್ತೆ ಕರೆಂಟಿಲ್ಲ! ಗುಡಿಯ ಪಕ್ಕದಲ್ಲೇ ನನ್ನ ಮನೆ, ಮೂಲೆಯಲ್ಲಿ ಅತ್ತೆಯ ಕಾಲದ ಬೀಸುಕಲ್ಲು. ಹುಲಿಗೆವ್ವ ಒಂದು ಕಡೆ ಕೂತಳು. ಎದುರಿಗೆ ಯಾರು ಕೂಡಬೇಕು ಎಂದು ನಾನು ಹೇಳುವ ಮೊದಲೇ ದಾನೇಶ್ವರಿ ಬಂದು ಕೂತು ಗೂಟ ಹಿಡಿದಳು. ಗಿರಣಿ ಹಿಟ್ಟು ಉಂಡು ಬೆಳೆದ ಹುಡುಗಿ, ಬೀಸುವುದು ಗೊತ್ತಿಲ್ಲ. ಒಂದೇ ಸಮ ಜಗ್ಗಿದಳು, ಕಲ್ಲು ಅಲ್ಲಾಡಲಿಲ್ಲ.

"ಹಂಗಲ್ಲವ್ವ" ಎಂದಳು ಹುಲಿಗೆವ್ವ. "ಅರ್ಧಾ ನೀ ದೂಡು, ಅರ್ಧಾ ನಾ ಜಗ್ಗತೇನಿ."

ಕಲ್ಲು ತಿರುಗಿತು. ಹುಲಿಗೆವ್ವ ಸಣ್ಣ ದನಿಯಲ್ಲಿ ಹಾಡು ತೆಗೆದಳು. ಗುಡಿಯಲ್ಲಿ ಮಂದಿ ಹೊಟ್ಟೆ ಹಸಿದುಕೊಂಡು ಕೂತಿತ್ತು, ಒಬ್ಬರೂ ಏಳಲಿಲ್ಲ. ನಾನು ರೊಟ್ಟಿ ಬಡಿಯುವಾಗ ಸಿಂದಗಿ ಬಸ್ಸು ಹಾರ್ನ್ ಹೊಡೆದು ಹೋಯಿತು. ಬಸಂತರಾಯರು ತಲೆ ಎತ್ತಲಿಲ್ಲ. ಅವಸರಕ್ಕೆ ಉರಿ ಹೆಚ್ಚಾಗಿ ರೊಟ್ಟಿಯ ಒಂದು ಅಂಚು ಕರಕಾಯಿತು. ನನ್ನ ಕೈಯಲ್ಲಿ ಅಂಥ ಕೆಟ್ಟ ರೊಟ್ಟಿ ಆಗಿದ್ದು ಅದೇ ಮೊದಲು.

ಸಭಾಪಾಲಕರು ಪ್ರಾರ್ಥನೆ ಮಾಡಿ ರೊಟ್ಟಿ ಮುರಿದರು. ತಟ್ಟೆ ಕೈಯಿಂದ ಕೈಗೆ ದಾಟುತ್ತ ಬಂತು. ತಡವಾಗಿ ಬಂದವರಿಗೆ ಹಿಂದಿನ ಸಾಲೇ ಗತಿ, ಶ್ರೀಶೈಲಪ್ಪನೂ ಹಣಮಂತ್ರಾಯನೂ ಒಬ್ಬರ ಪಕ್ಕ ಒಬ್ಬರು ಕೂತಿದ್ದರು. ಶ್ರೀಶೈಲಪ್ಪ ಒಂದು ತುಣುಕು ತೆಗೆದುಕೊಂಡು ತಟ್ಟೆಯನ್ನು ಅವನಿಗೆ ಹಿಡಿದ. ಹಣಮಂತ್ರಾಯನ ಪಾಲಿಗೆ ಬಂದದ್ದು ಆ ಕರಕಾದ ಅಂಚು. ಬಾಯಿಗೆ ಹಾಕಿಕೊಂಡ.

ಆರಾಧನೆ ಮುಗಿದ ಮೇಲೆ ಹುಲಿಗೆವ್ವ ಮಗನನ್ನು ಹಿಡಿದು ಕೇಳಿದಳು. "ಯಾರ ಮನೀ ಜೋಳ ಹತ್ತಿತೋ ಬಾಯಿಗೆ?"

"ತಿಳೀಲಿಲ್ಲ ಬೇ" ಎಂದ ಅವನು.

ಬಸ್ಸು ತಪ್ಪಿದ ಬಸಂತರಾಯರನ್ನು ಹಣಮಂತ್ರಾಯನೇ ಟೆಂಪೋದಲ್ಲಿ ಸಿಂದಗಿಗೆ ಮುಟ್ಟಿಸಿದ. ಕೇರಿಯ ಬೇರೆ ಸಭೆಯ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಹಾಗಂತ ಎಲ್ಲ ಸಲೀಸಾಯಿತೇ? ಅದೂ ಇಲ್ಲ. ಮುಂದಿನ ಇಲೆಕ್ಷನ್‌ನಲ್ಲೂ ಹಣಮಂತ್ರಾಯ, ಶ್ರೀಶೈಲಪ್ಪ ಇಬ್ಬರ ಪಾರ್ಟಿ ಬೇರೆ ಬೇರೆಯೇ ಇದ್ದವು. ಶ್ರೀಶೈಲಪ್ಪನ ಅಣ್ಣ ಪಾಲು ಮಾಡಿ ಊರೊಳಗಿನ ದೊಡ್ಡ ಮನೆ, ಕಪ್ಪು ಎರೆಹೊಲ ತಾನಿಟ್ಟುಕೊಂಡ. ತಮ್ಮನಿಗೆ ನಿಂಬೆತೋಟ, ಬೋರು. ಅವನು ಬಾಯಿ ಮಾಡದೆ ಒಪ್ಪಿ, ತೋಟದಲ್ಲೇ ಎರಡು ಕೋಣೆಯ ಮನೆ ಕಟ್ಟಿಕೊಂಡ. ಆ ಮನೆಯ ಪ್ರತಿಷ್ಠೆಯ ಪ್ರಾರ್ಥನೆಗೆ ಇಡೀ ಸಭೆಯನ್ನು ಕರೆದ.

ಹೊಸ ಹೊಸ್ತಿಲನ್ನು ಎಲ್ಲರಿಗಿಂತ ಮೊದಲು ದಾಟಿದವಳು ಹುಲಿಗೆವ್ವ. ದಾನೇಶ್ವರಿ ಕೈ ಹಿಡಿದು ಒಳಗೆ ಕರೆದುಕೊಂಡಳು. ನಾವೆಲ್ಲ ಹೋದೆವು. ಹಣಮಂತ್ರಾಯ ಮಾತ್ರ ಹೊರಗೇ ನಿಂತ, ಮೀಸೆ ತೀಡಿಕೊಳ್ಳುತ್ತ, ನಿಂಬೆಗಿಡ ನೋಡುವವನ ಹಾಗೆ. ಶ್ರೀಶೈಲಪ್ಪ ಬಾಗಿಲಿಗೆ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಯಾಕೋ ಮೆಂಬರ್ ಸಾಹೇಬ್ರ, ಮೈಕ್ ತಂದಿಲ್ಲೇನು?"

"ಇಲ್ರಿ" ಎಂದ ಹಣಮಂತ್ರಾಯ.

"ತರಬೇಕಿತ್ತಲೋ. ದಾಟಸೂದಿಲ್ಲ ಅಂತ ಊರಿಗೆಲ್ಲ ಹೇಳಿದಿ. ದಾಟಿದ್ದನ್ನೂ ಹೇಳಬೇಕಲ್ಲ?"

ಹಣಮಂತ್ರಾಯ ಒಮ್ಮೆಲೇ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ಚಪ್ಪಲಿ ಬಿಟ್ಟು ಒಳಗೆ ಬಂದು, ತಾಯಿಯ ಪಕ್ಕದಲ್ಲಿ ಊಟಕ್ಕೆ ಕೂತ.